ಕಡೆಯ ಪದದ ಎರಡು ದನಿ

ಹೊಸ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆಗೆ ನನ್ನ ಕಿವಿ ಇಂದಿಗೂ ಗೋಡೆಯಾಚೆಯ ಹಾಡೊಂದನ್ನು ಹುಡುಕುತ್ತದೆ. ಮೊನ್ನೆ ಪಕ್ಕದ ಮನೆಯ ಅಕ್ಕನ ಮಗಳು ಹಳೆಯ ಪೇಪರಿನಲ್ಲಿ ಸುತ್ತಿದ ಸೀರೆಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅಕ್ಕ ಹೋಗಿ ಮೂರು ವರ್ಷವಾಯಿತು. ಆ ವಾಸನೆಯ ಹಿಂದೆಯೇ ಅವಳೂ ಬಂದು ಎದುರಿಗೆ ಕೂತ ಹಾಗಾಯಿತು...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಮ್ಮ ಎರಡೂ ಮನೆಗೆ ಗೋಡೆ ಒಂದೇ. ಆಚೆ ಅವಳ ಮಗ್ಗ, ಈಚೆ ನನ್ನ ಉತ್ತರಪತ್ರಿಕೆಗಳ ಕಟ್ಟು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಾಲ್ಕು ವರ್ಷ ಸಂಗೀತವನ್ನೂ ಕಲಿತಿದ್ದೇನೆಂಬ ಸೊಕ್ಕು ಬೇರೆ. ಅವಳು ಶಾಲೆಯ ಕಟ್ಟೆ ಹತ್ತಿದವಳಲ್ಲ. ಆದರೂ ನೇಯುತ್ತ ಅವಳು ಗುನುಗುತ್ತಿದ್ದ ಬೀಸುವ ಪದಗಳು ಗೋಡೆ ದಾಟಿ ಬಂದರೆ ನನ್ನ ಕೈಯ ಕೆಂಪು ಪೆನ್ನು ನಿಂತುಬಿಡುತ್ತಿತ್ತು. ಒಂದು ದಿನ ತಡೆಯಲಾರದೆ ಈಚೆಯಿಂದ ನಾನೂ ದನಿ ಕೂಡಿಸಿದೆ. ಆಚೆ ಮಗ್ಗದ ಸದ್ದು ನಿಂತಿತು, ಪದ ನಿಲ್ಲಲಿಲ್ಲ.

ಬೀಸುವ ಪದ ಒಬ್ಬಳದಲ್ಲ. ಬೀಸುವ ಕಲ್ಲಿನ ಆಚೀಚೆ ಇಬ್ಬರು ಕೂತು ಹಾಡುವಂಥದ್ದು. ಒಬ್ಬಳ ಉಸಿರು ತೀರುವ ಮೊದಲೇ ಇನ್ನೊಬ್ಬಳು ಸಾಲಿನ ತುದಿ ಹಿಡಿಯಬೇಕು. ನಾನೋ ಪಾಠ ಒಪ್ಪಿಸುವವಳಂತೆ ಅವಳ ಸಾಲು ಮುಗಿಯುವ ತನಕ ಕಾಯುತ್ತಿದ್ದೆ. ಅವಳಿಗೆ ರೇಗುತ್ತಿತ್ತು. ಒಮ್ಮೆ ನನ್ನನ್ನು ಮಗ್ಗದ ಬಳಿ ಕೂರಿಸಿಕೊಂಡು ಕೊಂಡಿ ಹಾಕುವುದನ್ನು ತೋರಿಸಿದಳು. ನಮ್ಮೂರ ಸೀರೆಯಲ್ಲಿ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ತೂರಿಸಿ ಎರಡನ್ನೂ ಕೂಡಿಸುತ್ತಾರೆ. "ಹಾಡೂ ಹಿಂಗ ತಂಗಿ," ಎಂದಳು. "ನಾ ಬಿಡೂದಕ್ಕಿಂತ ಮೊದಲ ನೀ ಒಳಗ ಬರಬೇಕು." ನನ್ನ ನಾಲ್ಕು ವರ್ಷದ ಸಂಗೀತ ಅಲ್ಲಿಗೆ ತೆಪ್ಪಗಾಯಿತು.

ಹುನಗುಂದದ ಒಂದು ಮದುವೆಯಲ್ಲಿ ನಾವಿಬ್ಬರೂ ಹಾಡಿದ್ದನ್ನು ಬಾಗಲಕೋಟೆಯ ನವನಗರದಲ್ಲಿ ಸ್ಟುಡಿಯೋ ಇಟ್ಟಿದ್ದವರೊಬ್ಬರು ಕೇಳಿದರು. ಹಾರ್ಮೋನಿಯಂ ಪೆಟ್ಟಿಗೆ ಬೇಡ, ತಬಲಾ ಬೇಡ, ತಂಬೂರಿ ಮತ್ತು ಇಬ್ಬರ ದನಿ ಸಾಕು, ಏಳು ಪದಗಳ ಒಂದು ಆಲ್ಬಂ ಮಾಡೋಣ ಎಂದರು. ಅಕ್ಕ ಇಂಥದ್ದಕ್ಕೆಲ್ಲ ಮೂಗು ಮುರಿಯುವವಳು, ಅಂದು ಮಾತ್ರ ಕೂಡಲೇ ಒಪ್ಪಿದಳು. ಬಸ್ಸಿನಲ್ಲಿ ಬರುವಾಗ ಕಾರಣ ಹೇಳಿದಳು. "ನನಗ ಬರಿಯಾಕ ಬರೂದಿಲ್ಲ. ಮಗಳಿಗೆ ನನ್ನ ದನಿಯರ ಉಳೀಲಿ." ಆಗಲೇ ಅವಳಿಗೆ ಕೆಮ್ಮು ಹತ್ತಿತ್ತು. ನೂಲಿನ ಧೂಳು ಎನ್ನುತ್ತಿದ್ದಳು. ನಂಬುವುದು ನನಗೂ ಅನುಕೂಲವಾಗಿತ್ತು, ನಂಬಿದೆ.

ಬಾದಾಮಿಯ ಹತ್ತಿರದ ಒಂದು ಹಾಳು ಗುಡಿಯಲ್ಲಿ ರೆಕಾರ್ಡಿಂಗ್ ಆಯಿತು. ಕಲ್ಲಿನ ಗೋಡೆಗಳ ನಡುವೆ ಬಿಟ್ಟ ದನಿ ಮೇಲಕ್ಕೇರಿ, ಸುತ್ತಿ, ತಡವಾಗಿ ನಮ್ಮ ಹತ್ತಿರವೇ ಮರಳುತ್ತಿತ್ತು. ಎರಡು ದಿನದಲ್ಲಿ ಆರು ಪದ ಮುಗಿದವು. ಪದದಿಂದ ಪದಕ್ಕೆ ಅವಳ ಉಸಿರು ಗಿಡ್ಡವಾಗುತ್ತಿತ್ತು; ನಾನು ಬೇಗಬೇಗ ಒಳಗೆ ಹೋಗಿ ಎಳೆ ಹಿಡಿಯುತ್ತಿದ್ದೆ. ಏಳನೆಯದು ಮಗಳನ್ನು ತೊಟ್ಟಿಲಲ್ಲಿ ತೂಗುವಾಗ ಹಾಡುತ್ತಿದ್ದ ಪದ, ಅದನ್ನು ಬೇಕೆಂದೇ ಕಡೆಗೆ ಇಟ್ಟುಕೊಂಡಿದ್ದಳು. ಮೂರು ಸಲ ಶುರು ಮಾಡಿದಳು. ಮೂರನೆಯ ಸಲ ಅರ್ಧಕ್ಕೆ ಬಂದಾಗ ಕೆಮ್ಮು ಒತ್ತರಿಸಿ ಬಂದು ಕಂಬ ಹಿಡಿದು ಬಗ್ಗಿದಳು. ನಾನು ಗಾಬರಿಯಾಗಿ ಹಾಡು ನಿಲ್ಲಿಸಿದೆ. ಬಗ್ಗಿದಲ್ಲಿಂದಲೇ, "ನೀ ನಿಲ್ಲಬ್ಯಾಡ ತಂಗಿ, ಎಳಿ ಕಡದೀತು," ಎಂದಳು. ಸೆರಗಿನಲ್ಲಿ ರಕ್ತವಿತ್ತು.

ಮರುದಿನವೇ ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ಇನ್ನು ದಿನಗಳ ಮಾತು ಎಂದು ಡಾಕ್ಟರು ನನ್ನನ್ನೂ ಮಗಳನ್ನೂ ಹೊರಗೆ ಕರೆದು ಹೇಳಿದರು. ಅವಳು ಕಣ್ಣು ಮುಚ್ಚುವುದರೊಳಗೆ ಆಲ್ಬಂ ಅವಳ ಕಿವಿಗೆ ಬೀಳಬೇಕು ಎಂಬುದೊಂದೇ ನನ್ನ ತಲೆ ಹೊಕ್ಕಿತು. ನವನಗರದ ಸ್ಟುಡಿಯೋಗೆ ಹೋಗಿ ಕೂತು ಏಳನೆಯ ಪದವನ್ನು ಒಬ್ಬಳೇ ಎರಡು ಸಲ ಹಾಡಿದೆ, ಮೊದಲು ನನ್ನ ದನಿಯಲ್ಲಿ, ಆಮೇಲೆ ಅವಳದರಲ್ಲಿ. ಹನ್ನೆರಡು ವರ್ಷ ಗೋಡೆಯ ಈಚೆ ಕೂತು ಕೇಳಿದವಳು ನಾನು. ಅವಳು ಎಲ್ಲಿ ಜಗ್ಗುತ್ತಾಳೆ, ಎಲ್ಲಿ ಮೂಗಿನಲ್ಲಿ ಇಳಿಸುತ್ತಾಳೆ ಎಲ್ಲ ಬಾಯಿಪಾಠ. ಸ್ಟುಡಿಯೋದವರಿಗೇ ಮೈ ಜುಂ ಎಂದಿತಂತೆ. ಗುಡಿಯಲ್ಲಿ ಹಾಡಿದ ಆ ಅರ್ಧ ಪದವನ್ನು ಏನು ಮಾಡಲಿ, ಅಳಿಸಿಬಿಡಲೇ ಎಂದು ಕೇಳಿದರು. ಆ ಕೆಮ್ಮನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗಿರಲಿಲ್ಲ.

"ಅಳಸ್ರಿ," ಎಂದೆ.

ಒಂದು ಮಾತು, ಅಷ್ಟೇ... ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದ ನನ್ನ ಕೈಯಿಂದ ಹೀಗಾಯಿತು.

ದವಾಖಾನೆಯಲ್ಲಿ ಅವಳ ಕಿವಿಗೆ ನನ್ನ ಫೋನಿನ ಇಯರ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಆರೂ ಪದ ಕೇಳಿದಳು. ಬೆರಳು ಹಾಸಿಗೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಏಳನೆಯದು ಶುರುವಾದ ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಕಣ್ಣು ತೆರೆದು ನನ್ನನ್ನೇ ನೋಡಿದಳು.

"ಎರಡೂ ನಿನ್ನವ," ಎಂದಳು.

ನಾನು ಅವಳ ಕಾಲು ಹಿಡಿದುಕೊಂಡೆ. ಅವಳು ಇಯರ್‌ಫೋನ್ ತೆಗೆದಿಟ್ಟು, "ಮಗಳಿಗೆ ಹೇಳಬ್ಯಾಡ," ಎಂದು ಗೋಡೆಯ ಕಡೆ ತಿರುಗಿದಳು. ಅದು ಕ್ಷಮೆಯೋ ಸಿಟ್ಟೋ ನನಗೆ ಇಂದಿಗೂ ತಿಳಿದಿಲ್ಲ. ಎರಡು ದಿನಕ್ಕೆ ತೀರಿಕೊಂಡಳು.

ಈಗ ಆ ಆಲ್ಬಂ ಎಲ್ಲೆಲ್ಲೋ ಕೇಳುತ್ತಾರೆ. ಗುರುತಿಲ್ಲದವರು ಮೆಚ್ಚಿ ಬರೆಯುತ್ತಾರೆ. ಮುಗಿಲಿನಿಂದ ಇಳಿದ ದನಿಗಳಂತೆ, ಲೋಕದ ಸೋಂಕೇ ಇಲ್ಲವಂತೆ. ಅವರಿಗೆಲ್ಲ ಹೆಚ್ಚು ಇಷ್ಟವಾದದ್ದು ಕಡೆಯ ಪದ. ಪೂರ್ತಿ ಓದಲಾರದೆ ಫೋನು ಮಗುಚಿಡುತ್ತೇನೆ.

ಮೊನ್ನೆ ಮಗಳು ತಂದ ಸೀರೆ ಅಕ್ಕ ಮಗ್ಗದ ಮೇಲೆಯೇ ಬಿಟ್ಟುಹೋದದ್ದು. ಒಡಲು ಅಕ್ಕನದು. ಸೆರಗು ನೇಯಲು ಮಗಳಿಗೆ ಮೂರು ವರ್ಷ ಕೈಯೇ ಏಳಲಿಲ್ಲವಂತೆ, ಈಗ ಮುಗಿಸಿದ್ದಾಳೆ. ದಿನಾ ಮುಂಜಾನೆ ಆ ಕಡೆಯ ಪದ ಕೇಳಿಯೇ ಮಗ್ಗಕ್ಕೆ ಕೂರುತ್ತಾಳಂತೆ.

"ಉಳದ ಪದದಾಗ ಅವ್ವ ದಣದಾಳ, ಚಿಗವ್ವ," ಎಂದಳು. "ಕಡೇ ಪದದಾಗ ಆರಾಮ ಅದಾಳ."

ನಾನು ಹೂಂ ಎಂದೆ. ಅವಳು ಸ್ವಲ್ಪ ಸಂಕೋಚದಿಂದಲೇ ಇನ್ನೊಂದು ಮಾತು ಕೇಳಿದಳು. "ಆ ಪದದಾಗ ಅವ್ವನ ದನಿ ಅಷ್ಟ ಬ್ಯಾರೆ ಮಾಡಿ ಕೊಡ್ತಾರೇನು? ನಿನ್ನ ದನಿ ಬ್ಯಾಡಂತಲ್ಲ... ಒಮ್ಮೆ ಅಕಿನ್ನಷ್ಟ ಕೇಳಬೇಕಾಗೇತಿ."

ಕೇಳಿ ನೋಡುತ್ತೇನೆ ಎಂದೆ. ಅವಳು ಹೋದ ಮೇಲೆ ಸೀರೆ ಬಿಚ್ಚಿ, ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಬೆರಳಾಡಿಸಿದೆ. ಕೊಂಡಿಗಳ ಸಾಲು ಸಣ್ಣಗೆ ಕೈಗೆ ಹತ್ತುತ್ತದೆ. ಈಚೆ ತಾಯಿ, ಆಚೆ ಮಗಳು. ಸ್ಟುಡಿಯೋದವರಿಗೆ ನಾನಿನ್ನೂ ಫೋನ್ ಮಾಡಿಲ್ಲ. ಅವಳು ಬಯಸಿದ ಆ ದನಿ ಅವರ ಬಳಿ ಬೇರೆಯಾಗಿಯೇ ಇದೆ, ಒಂದು ಕೆಮ್ಮೂ ಇಲ್ಲದೆ. ಅದನ್ನು ತಂದುಕೊಟ್ಟರೆ ಮಗಳು ಅವ್ವನೆಂದು ದಿನಾ ನನ್ನೊಬ್ಬಳನ್ನೇ ಕೇಳುತ್ತಾಳೆ.