ಕಿಟಕಿಯ ಕೆಳಗಿನ ಮೂಲೆ

ನಮ್ಮ ಬೀದಿಯ ಟೈಲರಮ್ಮನಿಗೆ ಸಮಾಜಸೇವೆಯ ಹುಚ್ಚು ಎಂದೂ ಇರಲಿಲ್ಲ. ಆಕೆಗೆ ತನ್ನ ಮನೆಯ ಒಂದು ಕಿಟಕಿಯನ್ನು ತೆರೆಯಬೇಕಿತ್ತು, ಅಷ್ಟೇ.

ಮನೆಯ ಮುಂದಿನ ಕೋಣೆಯೇ ಹೊಲಿಗೆಯಂಗಡಿ. ಹಿಂದಿನ ಕೋಣೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಅತ್ತೆ. ಮೂಳೆ ಕೂಡಿಕೊಂಡಿದೆ, ಇನ್ನು ದಿನಾ ಎದ್ದು ಕೂರಬೇಕು, ಇಲ್ಲದಿದ್ದರೆ ಕಾಯಂ ಮಲಗಿಬಿಡುತ್ತಾರೆ ಎಂದು ವೈದ್ಯರು ಎಚ್ಚರಿಸಿದ್ದರು. ಅತ್ತೆ ದಿಂಬು ಬಿಟ್ಟು ಏಳುತ್ತಿರಲಿಲ್ಲ.

“ಎದ್ದು ಕೂತು ಏನ್ ನೋಡ್ಲಿ, ಗೋಡೇನಾ? ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದೀಯಲ್ಲೇ ನನ್ನ. ಗಾಳಿಗಾದ್ರೂ ದಾರಿ ಬಿಡೇ ಮಹರಾಯ್ತಿ.”

“ಗಾಳಿ ಒಂದೇ ಬಂದ್ರೆ ಬಿಡ್ತಿದ್ದೆ ಅತ್ತೆ. ಅದರ ನೆಂಟರಿಷ್ಟರೆಲ್ಲ ಬರ್ತಾರಲ್ಲ.”

ನೆಂಟರಿಷ್ಟರೆಂದರೆ ನಾತ ಮತ್ತು ನೊಣ. ಆ ಕೋಣೆಗಿದ್ದ ಒಂದೇ ಕಿಟಕಿ ಅಡ್ಡರಸ್ತೆಯ ಮೂಲೆಗೆ ತೆರೆಯುತ್ತಿತ್ತು. ಆ ಮೂಲೆಯಲ್ಲಿ ಇಡೀ ಬೀದಿಯ ಕಸ ಬೀಳುತ್ತಿತ್ತು.

ಒಂದು ಭಾನುವಾರ ಟೈಲರಮ್ಮ ಪೊರಕೆ ಹಿಡಿದು ಹೊರಟರು. ಜೊತೆಗೆ ಜನ ಕೂಡಿಸಿದ ಬಗೆ ಅವರ ಕಸುಬಿನವರಿಗೆ ಮಾತ್ರ ಸಾಧ್ಯ. ಪ್ಯಾಂಟಿನ ಅಂಚು ಹೊಲಿಸಲು ಕೊಟ್ಟಿದ್ದ ನಾನು ಅದನ್ನು ಕೇಳಲು ಹೋದರೆ, ಕೈಗೆ ಖಾಲಿ ಚೀಲ ಬಂತು. “ಇನ್ನೂ ಆಗಿಲ್ಲ ಸರ್. ಅಷ್ಟರಲ್ಲಿ ಇದೊಂದು ತುಂಬಿಬಿಡಿ.” ಬಸ್ ಚಾಲಕನ ಸಮವಸ್ತ್ರ, ಮೆಕ್ಯಾನಿಕ್ಕನ ಜಾಕೆಟ್ಟು, ಬ್ಯಾಂಕಿನ ಮೇಡಂ ಅವರ ಕುಪ್ಪಸ ಎಲ್ಲವೂ ಹೀಗೆಯೇ ಒತ್ತೆಯಲ್ಲಿದ್ದವು. ಒಬ್ಬರೂ ಇಲ್ಲವೆನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂಲೆಯ ನೆಲ ಕಂಡಿತು. ಕಸದ ಲಾರಿ ಬರುವುದು ಮಂಗಳವಾರ. ಆದ್ದರಿಂದ ತುಂಬಿದ ಚೀಲಗಳ ಬಾಯಿಗೆ ಟೈಲರಮ್ಮ ಬಣ್ಣದ ಬಟ್ಟೆಪಟ್ಟಿ ಬಿಗಿದರು. ನಾವು ಅವನ್ನು ಕಿಟಕಿಯ ಕೆಳಗೆ ಗೋಡೆಗುಂಟ ಸಾಲಾಗಿ ಜೋಡಿಸಿದೆವು. ಸ್ವಚ್ಛವಾದ ಜಾಗದಲ್ಲಿ ಕಸ ಹಾಕಲು ಮನುಷ್ಯ ಹಿಂಜರಿಯುತ್ತಾನೆ ಎಂದು ಎಲ್ಲೋ ಓದಿದ್ದನ್ನು ನಾನು ಅವರಿಗೆಲ್ಲ ವಿವರಿಸಿಯೂ ಬಿಟ್ಟೆ.

ಸೋಮವಾರ ಬೆಳಿಗ್ಗೆ ನೋಡಿದರೆ ಚೀಲಗಳು ದುಪ್ಪಟ್ಟಾಗಿದ್ದವು. ಮುಂದಿನ ಭಾನುವಾರ ಮತ್ತೆ ಗುಡಿಸಿ ಜೋಡಿಸಿದರೂ ಅದೇ ಕಥೆ, ಅದರ ಮುಂದಿನ ವಾರ ಇನ್ನಷ್ಟು. ಅನುಮಾನ ಎದುರು ಕಟ್ಟಡದ ಮೂರನೇ ಮಹಡಿಗೆ ಹೊಸದಾಗಿ ಬಂದ ಬಾಡಿಗೆದಾರರ ಮೇಲೆ ಹೋಯಿತು. “ಬಚ್ಚಿಟ್ಟುಕೊಂಡು ಕಾಯೋಣ, ಕೈಗೆ ಸಿಕ್ರೆ ಬಿಡಲ್ಲ,” ಎಂದು ಬಸ್ ಚಾಲಕ ಹೊಲಿಗೆಯಂಗಡಿಯಲ್ಲಿ ತೋಳೇರಿಸಿದಾಗ ಒಳಗಿನಿಂದ ನಗು ಕೇಳಿತು.

“ಯಾರನ್ನಪ್ಪಾ ಹಿಡೀತೀಯ? ಅಂಗಡಿ ತೆರೆದಿರೋರು ನೀವೇ ಅಲ್ವಾ!” ಕಿಟಕಿ ಮುಚ್ಚಿದ್ದರೂ ಅತ್ತೆಯ ಕಿವಿ ಮುಚ್ಚಿರಲಿಲ್ಲ. “ದಿನಾ ಕೇಳಿಸ್ಕೊಳ್ತೀನಿ. ‘ಇಲ್ಲೇನಾ ಇಡೋದು?’ ಅಂತಾಳೆ ಒಬ್ಬಳು. ‘ಹ್ಞೂಂ ಕಣೇ, ನೋಡು ಎಷ್ಟು ನೀಟಾಗಿ ಜೋಡಿಸಿದ್ದಾರೆ, ಲಾರಿಯೋರು ಇಲ್ಲಿಂದ್ಲೇ ಒಯ್ತಾರೆ’ ಅಂತಾಳೆ ಇನ್ನೊಬ್ಬಳು. ಪಾಪ, ಮರ್ಯಾದಸ್ಥರು. ಗಂಟು ಕಟ್ಕೊಂಡೇ ತರ್ತಾರೆ.”

ನಾನು ಪೆಚ್ಚಾದೆ. ಮೊದಲು ಅಲ್ಲಿ ಕಸ ಎಸೆಯುವವರು ಅತ್ತಿತ್ತ ನೋಡಿಯಾದರೂ ಎಸೆಯುತ್ತಿದ್ದರು. ನಾವು ಆ ಸಂಕೋಚವನ್ನೂ ಗುಡಿಸಿಹಾಕಿದ್ದೆವು.

ಟೈಲರಮ್ಮ ಕತ್ತರಿ ಕೆಳಗಿಟ್ಟರು. “ಹಾಗಾದ್ರೆ ಇನ್ಮೇಲೆ ಯಾರು ತುಂಬಿದ ಚೀಲ ಅವರ ಮನೇಲಿ. ಲಾರಿ ಬಂದಾಗ ಕೊಟ್ರಾಯ್ತು.”

ಆ ಮಾತಿಗೆ ಗುಂಪು ಕರಗಿತು. ಬೀದಿಯ ಕಸ ಹೆಕ್ಕುವುದು ಒಂದು. ಅದನ್ನು ಎರಡು ದಿನ ಮನೆಯಲ್ಲಿ ಸಾಕುವುದು ಬೇರೆಯೇ. ಬ್ಯಾಂಕಿನ ಮೇಡಂ ಕುಪ್ಪಸ ಬಿಡಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. “ಊರ ಕಸಕ್ಕೆಲ್ಲ ನಮ್ಮನೆಯೇ ತವರುಮನೆ,” ಎಂದು ಚಾಲಕನ ಹೆಂಡತಿ ಗೊಣಗಿದರೂ ಬಾಲ್ಕನಿಯಲ್ಲಿ ಜಾಗ ಕೊಟ್ಟರು. ಟೈಲರಮ್ಮನ ಚೀಲಗಳು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕುಳಿತವು. ಮೂಗು ಮುಚ್ಚಿಕೊಂಡ ಗಿರಾಕಿಗಳಿಗೆ ಅವರು ಕಾರಣವನ್ನೂ ಹೇಳುತ್ತಿದ್ದರು. ಉಳಿದವರು ನಾವು ನಾಲ್ಕೇ ಜನ.

ಮೂಲೆ ನಿಧಾನವಾಗಿ ಖಾಲಿಯಾಯಿತು. ಇದು ನಮ್ಮಿಂದಲೇ ಆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಅದೇ ಸುಮಾರಿಗೆ ಲಾರಿ ವಾರಕ್ಕೆರಡು ಸಲ ಬರತೊಡಗಿತ್ತು. ಎರಡು ಕಾರಣಗಳು ಒಟ್ಟಿಗೆ ಬಂದಾಗ ಯಾವುದರ ಪಾಲು ಎಷ್ಟೆಂದು ತಿಳಿಯುವುದು ಕಷ್ಟ.

ಟೈಲರಮ್ಮ ಆ ಲೆಕ್ಕಕ್ಕೆ ಕಾಯಲಿಲ್ಲ. ತುಕ್ಕು ಹಿಡಿದ ಚಿಲಕಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಬಡಿದು, ಕಿಟಕಿ ತೆರೆದರು. ಅತ್ತೆ ಮೊದಲ ದಿನ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಬೈದರು. ಎರಡನೆಯ ದಿನ, ಹೊರಗೆ ಯಾರೋ ಜಗಳವಾಡುತ್ತಿದ್ದುದು ಸರಿಯಾಗಿ ಕಾಣುವುದಿಲ್ಲವೆಂದು ಸೊಸೆಯ ತೋಳು ಹಿಡಿದು ಎದ್ದು ಕುಳಿತರು.

ಕಳೆದ ವಾರ ನಾನು ಆ ದಾರಿಯಲ್ಲಿ ಬರುತ್ತಿದ್ದಾಗ ಒಬ್ಬಾತ ಚೀಲ ಹಿಡಿದು ಮೂಲೆಗೆ ಬಂದ. ಕಿಟಕಿಯ ಸರಳುಗಳ ಹಿಂದೆ ಅತ್ತೆಯ ಮುಖ.

“ಏನಪ್ಪಾ, ನನಗೆ ತಂದ್ಯಾ? ಬಾ, ಒಳಗೇ ತಂದ್ಕೊಡು.”

ಆತ ಚೀಲದೊಂದಿಗೆ ಬಂದ ದಾರಿ ಹಿಡಿದ. ನನ್ನ ಲೆಕ್ಕಕ್ಕೆ ಮೂರನೆಯ ಕಾರಣವೊಂದು ಸೇರಿಕೊಂಡಿತು.