ಬಿಳಿ ಔಷಧಿಯ ಅಭ್ಯಾಸ

ನನ್ನ ಮಗಳಿಗೆ ನಾಲ್ಕು ತುಂಬಿದ ಬೇಸಿಗೆಯಲ್ಲಿ ಅವಳು ಅಟ್ಟದ ಏಣಿಯ ಹಿಂದೆ ಹೋಗಿ ನಿಲ್ಲುವುದನ್ನು ಕಲಿತಳು. ಒಂದು ಕೈಯಲ್ಲಿ ಏಣಿ ಹಿಡಿದು, ಕಾಲಿಗೆ ಕಾಲು ಹೆಣೆದು, ಹಿಮ್ಮಡಿ ಎತ್ತಿ ತುದಿಬೆರಳ ಮೇಲೆ ನಿಲ್ಲುತ್ತಿದ್ದಳು. ಮುಖ ಕೆಂಪಾಗುತ್ತಿತ್ತು. ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಆಡಲು ಓಡುತ್ತಿದ್ದಳು. ಮೇಲೆ ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ ಕಾಯಿಗಳು ಸಿಪ್ಪೆಯ ಸಮೇತ ಮಲಗಿರುತ್ತಿದ್ದವು. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಕೋಲುಕೋಲಾಗಿ ಅವಳ ತಲೆಯ ಮೇಲೆ ಬೀಳುತ್ತಿತ್ತು. ಆ ಕೋಲುಗಳೊಳಗೆ ನಾರಿನ ಧೂಳು ಏರುತ್ತ ಇಳಿಯುತ್ತ ಹೊಳೆಯುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಅದೆಲ್ಲ ಕನಸಿನಲ್ಲಿ ಕಂಡದ್ದೇನೋ ಅನ್ನಿಸುತ್ತದೆ. ಆಗ ಮಾತ್ರ ಅವಳನ್ನು ಹಾಗೆ ಕಂಡರೆ ನಾನು ಬೆರಳು ಮಡಿಸಿ ದಿನ ಎಣಿಸುತ್ತಿದ್ದೆ. ಕೂಸು ಹೊರಕಡೆಗೆ ಹೋಗಿ ಆರು ದಿನವೋ ಏಳು ದಿನವೋ ಆಗಿರುತ್ತಿತ್ತು.

"ತಿಣುಕ್ತಾ ಅವ್ಳೆ ಕಣೇ, ಬರ್ತಿಲ್ಲ ಪಾಪ," ಅನ್ನುತ್ತಿದ್ದಳು ಅವ್ವ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ದಂಡಿನಶಿವರದ ಪಕ್ಕದ ಹಳ್ಳಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಯಜಮಾನರಿಗೆ ಹುಳಿಯಾರಿನಲ್ಲಿ ಕೆಲಸ, ಶನಿವಾರ ಸಂಜೆ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗಿಬಿಡುವರು. ಹಾಗಾಗಿ ನಾನೂ ಮಗಳೂ ನನ್ನ ತವರಿನಲ್ಲೇ ಇದ್ದೆವು. ನಮ್ಮ ವಂಶದಲ್ಲಿ ಪದವಿ ಅಂತ ಮಾಡಿದವಳು ನಾನೇ ಮೊದಲು. ಅಪ್ಪನದು ಹೆಬ್ಬೆಟ್ಟು, ಅವ್ವನಿಗೆ ಹೆಬ್ಬೆಟ್ಟು ಒತ್ತುವ ಪ್ರಸಂಗವೂ ಬಂದಿರಲಿಲ್ಲ. ಮೂರು ವರ್ಷ ಬುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತೇ ತಿಪಟೂರಿಗೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಹೆಮ್ಮೆ ಇವತ್ತಿಗೂ ಇದೆ. ಆದರೆ ಮಗಳ ಹೊಟ್ಟೆಯ ವಿಷಯದಲ್ಲಿ ಅದೇ ಹೆಮ್ಮೆ ನನ್ನನ್ನು ಒಮ್ಮೆ ಎಡವಿಸಿತು ಅನ್ನುವುದನ್ನೂ ಹೇಳಬೇಕು.

ಅವ್ವನ ಹತ್ತಿರ ತನ್ನದೇ ಮದ್ದುಗಳಿದ್ದವು. ಮಗಳು ಎಳೆಗೂಸಾಗಿದ್ದಾಗ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಇಡುತ್ತಿದ್ದಳು, ಆಗುತ್ತಿತ್ತು. ದೊಡ್ಡವಳಾದ ಮೇಲೆ ತಿಂಗಳಿಗೊಮ್ಮೆ, ಅಮಾವಾಸ್ಯೆ ಕಳೆದ ಮೇಲೆ, ಹಿತ್ತಾಳೆ ಒಳಲೆಯ ತುಂಬ ಹರಳೆಣ್ಣೆ ಕುಡಿಸುವುದು. ನಾನು ಕೈಕಾಲು ಹಿಡಿಯಬೇಕು, ಅವ್ವ ಮೂಗು ಹಿಡಿದು ಒಳಲೆಯ ಮೂತಿಯನ್ನು ಬಾಯಿಗಿಟ್ಟು ಸುರಿಯಬೇಕು. ಅವತ್ತಿಡೀ ಕೂಸಿಗೆ ಹೊಟ್ಟೆ ನುಲಿತ, ಸುಸ್ತು. ಮಾರನೇ ದಿನದಿಂದ ಮತ್ತೆ ಬಂದ್. ಕಡೆಕಡೆಗೆ ಒಳಲೆಯ ಸದ್ದಾದರೆ ಸಾಕು, ಅವಳು ಏಣಿಯ ಹಿಂದೆ ಇರುತ್ತಿದ್ದಳು.

ಒಂದು ಬೆಳಿಗ್ಗೆ ಹೊರಕಡೆಗೆ ಕೂತಾಗ ರಕ್ತ ಕಂಡಿತು. ಅವಳ ಚೀರಾಟ ಕೇಳಿ ತೋಟದಲ್ಲಿದ್ದ ಅಪ್ಪ ಓಡಿ ಬಂದರು. ಹೆಗಲಿನ ಟವೆಲ್ಲಿನಲ್ಲೇ ಮೊಮ್ಮಗಳನ್ನು ಸುತ್ತಿ ಎತ್ತಿಕೊಂಡು, "ನಡಿಯವ್ವ, ತಿಪಟೂರಿಗೆ" ಅಂದರು.

ತಿಪಟೂರಿನ ಡಾಕ್ಟ್ರಮ್ಮ ವಯಸ್ಸಾದವರು. ಮಗಳನ್ನು ಮಲಗಿಸಿ ಹೊಟ್ಟೆಯ ಎಡಭಾಗವನ್ನು ಮೆಲ್ಲಗೆ ಒತ್ತಿ ನೋಡಿದರು. ಏಣಿಯ ಹಿಂದೆ ನಿಲ್ಲುವುದನ್ನು ನಾನು ಹೇಳಿದೆ. ಅವರು ತಲೆಯಾಡಿಸಿದರು.

"ಅವಳು ತಿಣುಕ್ತಿಲ್ಲ ಕಣಮ್ಮ. ತಡೀತಿದಾಳೆ. ಒಂದು ಸಲ ನೋವಾಗಿದೆ, ಆ ಹೆದರಿಕೆ. ಒಳಗೆ ಕೂತಷ್ಟೂ ನೀರು ಆರುತ್ತೆ, ಗಟ್ಟಿಯಾಗುತ್ತೆ. ಗಟ್ಟಿಯಾದ್ರೆ ಇನ್ನೂ ನೋವು. ಮತ್ತೆ ತಡೀತಾಳೆ."

ಬಾಗಿಲ ಹತ್ತಿರ ನಿಂತಿದ್ದ ಅಪ್ಪ, "ಅಂದ್ರೆ ಒಳಗೇ ಕೊಬ್ಬರಿ ಕಟ್ತಾ ಐತೆ ಅನ್ರವ್ವಾ," ಅಂದರು.

ಡಾಕ್ಟ್ರಮ್ಮ ಜೋರಾಗಿ ನಕ್ಕರು. "ಅದೇ ಕಣ್ರೀ ಯಜಮಾನ್ರೇ! ನನಗೂ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ."

ಮೂತ್ರ ಪರೀಕ್ಷೆ ಮಾಡಿಸಿದರು. ಒಳಗೆ ಗಟ್ಟಿಯಾಗಿ ಕೂತದ್ದನ್ನು ಮೊದಲು ತೆರವು ಮಾಡಿಸಿದರು. ಆಮೇಲೆ ಒಂದು ಬಿಳಿ ಔಷಧಿ ಬರೆದುಕೊಟ್ಟರು. ಕಲಕಿದ ಸುಣ್ಣದ ನೀರಿನ ಹಾಗೆ ಇರುವುದು, ಅಲುಗಾಡಿಸಿ ಕುಡಿಸಬೇಕು, ದಿನಾ ಕುಡಿಸಬೇಕು.

"ಎಷ್ಟು ದಿನ ಡಾಕ್ಟ್ರೇ?"

"ದಿನ ಅಲ್ಲ, ತಿಂಗಳು. ವರ್ಷ ಆದ್ರೂ ಆಗಬಹುದು."

"ವರ್ಷವೇ? ಅಭ್ಯಾಸ ಆಗಿಬಿಡಲ್ವಾ?"

"ಹರಳೆಣ್ಣೆ ಕರುಳನ್ನ ಹೊಡೆದು ಎಬ್ಬಿಸುತ್ತೆ. ಇದು ಹಾಗಲ್ಲ. ನೀರು ಎಳೆದುಕೊಂಡು ಮೆತ್ತಗೆ ಇಡುತ್ತೆ, ಅಷ್ಟೇ. ಮಗುವಿನ ಮೂತ್ರಪಿಂಡ ಚೆನ್ನಾಗಿದೆ. ಅಳತೆ ನಾನು ಹೇಳ್ತೀನಿ. ನೀವಾಗಿ ಏರಿಸೋದೂ ಬೇಡ, ಇಳಿಸೋದೂ ಬೇಡ. ತಿಂಗಳಿಗೊಂದು ಸಾರಿ ಕರ್ಕೊಂಡು ಬನ್ನಿ."

ತಿಂಡಿಯಾದ ಮೇಲೆ ದಿನಾ ಹತ್ತು ನಿಮಿಷ ಕೂರಿಸಿ, ಗದರಬೇಡಿ ಅಂತಲೂ ಹೇಳಿದರು. ನಮ್ಮ ಮನೆಗಳಲ್ಲಿ ಆಗ ಕಕ್ಕಸು ಎಲ್ಲಿತ್ತು? ಅಪ್ಪ ಹಿತ್ತಲಿನ ತೆಂಗಿನ ಮರದ ಆಚೆಗೆ ಪುಟ್ಟ ಗುಂಡಿ ತೋಡಿ, ಅದರ ಎರಡು ಕಡೆ ಅವಳ ಪಾದದಷ್ಟೇ ಅಗಲದ ಎರಡು ಕಲ್ಲು ಹೂಳಿದರು. ಸುತ್ತ ಹೆಣೆದ ಗರಿಯ ಮರೆ ಕಟ್ಟಿದರು. ಪಕ್ಕದಲ್ಲಿ ಒಂದು ಚಿಪ್ಪು, ಒಂದು ಮಡಕೆ ಬೂದಿ. ಬೆಳಗಿನ ಬಿಸಿಲು ಗರಿಯ ಕಣ್ಣುಗಳಿಂದ ತೂರಿ ಅವಳ ಬೆನ್ನ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು. ಗಾಳಿ ಬಂದರೆ ಚುಕ್ಕಿಗಳೆಲ್ಲ ಒಟ್ಟಿಗೆ ಜರುಗುತ್ತಿದ್ದವು. ಮರೆಯ ಆಚೆ ಅಪ್ಪ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿ, ಗರಿಯ ಮೇಲಿಂದ ಕಾಣುವ ಮರಗಳಲ್ಲಿ ಯಾವುದಕ್ಕೆ ಎಷ್ಟು ಗೊನೆ ಅಂತ ಲೆಕ್ಕ ಕೇಳುತ್ತಿದ್ದರು. ಅವಳು ಒಳಗಿನಿಂದಲೇ ಎಣಿಸಿ ಹೇಳುವಳು. ತಪ್ಪು ಎಣಿಸಿದರೆ ಅಪ್ಪನೂ ತಪ್ಪನ್ನೇ ಒಪ್ಪಿಕೊಳ್ಳುವರು. ಆದ ಮೇಲೆ ಅವಳು ಕೂಗುತ್ತಿದ್ದಳು: "ತಾತಾ, ಬೂದಿ!" ತಾತ ಚಿಪ್ಪಿನ ತುಂಬ ಬೂದಿ ತಂದು ಸುರಿಯುತ್ತಿದ್ದರು.

ಆ ಕೂಗು ಕೇಳಿದ ದಿನ ನಾನು ಸ್ಕೂಲಿಗೆ ಹಗುರವಾಗಿ ನಡೆದು ಹೋಗುತ್ತಿದ್ದೆ.

ಅವ್ವನಿಗೆ ಮಾತ್ರ ಇದು ಹಿಡಿಸಲಿಲ್ಲ. "ದಿನಾ ಭೇದಿ ಔಷಧಿ ಕುಡಿಸೋರ್ನ ಎಲ್ಲಾದ್ರೂ ಕಂಡಿದೀಯೇನೇ? ಕರುಳು ಸೋಮಾರಿ ಆಯ್ತದೆ. ನಾಳೆ ಗಂಡನ ಮನೆಗೆ ಕಳಿಸುವಾಗ ಸೀರೆ ಜತೆಗೆ ಸೀಸೇನೂ ಕಟ್ಟಿ ಕಳಿಸು!"

"ಓದಿರೋಳು ನೀನೋ ನಾನೋ? ಸುಮ್ನಿರು ಬುಡವ್ವ," ಅಂದೆ. ಅಂದದ್ದು ಒರಟಾಯಿತು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ಆದರೆ ಅವಳ ಮಾತು ನನ್ನೊಳಗೆ ಕೂತಿತ್ತು. ನಮ್ಮ ಬೀದಿಯ ಮುದುಕರೊಬ್ಬರು ಯಾವುದೋ ಚೂರ್ಣವಿಲ್ಲದೆ ಒಂದು ದಿನವೂ ಇರಲಾರದವರಾಗಿದ್ದರು. ನನ್ನ ಮಗಳೂ ಹಾಗೇ ಆದರೆ? ಎರಡು ತಿಂಗಳು ಎಲ್ಲ ಸರಿಯಾಗಿ ನಡೆದಿತ್ತು. ಸರಿಯಾಗಿದೆಯಲ್ಲ, ಇನ್ನು ಯಾಕೆ ಅನ್ನಿಸಿತು. ಮಕ್ಕಳಿಗೆ ಜೀರ್ಣಾಂಗಗಳ ಚಿತ್ರ ಬರೆದು ಪಾಠ ಮಾಡುವವಳು ನಾನು, ನನ್ನ ಮಗಳ ಹೊಟ್ಟೆ ನನಗೆ ತಿಳಿಯದೇ ಅಂದುಕೊಂಡೆ. ಒಂದು ಸೋಮವಾರ ಸೀಸೆಯನ್ನು ನನ್ನ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದೆ. ಯಾರಿಗೂ ಹೇಳಲಿಲ್ಲ. ಆ ತಿಂಗಳು ಡಾಕ್ಟ್ರಮ್ಮನ ಹತ್ತಿರವೂ ಹೋಗಲಿಲ್ಲ.

ಎರಡು ವಾರ ಚೆನ್ನಾಗಿಯೇ ಇತ್ತು. ಮೂರನೇ ವಾರ ಅವಳ ಚಡ್ಡಿಯಲ್ಲಿ ಕಲೆ ಕಾಣಿಸತೊಡಗಿತು. ತೊಳೆದು ಹಾಕಿದರೆ ಮತ್ತೆ ಕಲೆ. ಅವ್ವ, "ಭೇದಿ ಆಯ್ತಿದೆ ಕಣೇ ಕೂಸಿಗೆ," ಅಂತ ದಾಳಿಂಬೆ ಸಿಪ್ಪೆಯ ಕಷಾಯ ಕಾಯಿಸಿದಳು. ನನಗೋ ಒಳಗೊಳಗೇ ಖುಷಿ. ನೋಡು, ಔಷಧಿಯಿಲ್ಲದೇ ಸಡಿಲವಾಗುತ್ತಿದೆ, ನಾನೇ ಸರಿ ಅಂದುಕೊಂಡೆ. ಹಾಗಂದುಕೊಂಡದ್ದನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಮಗಳು ಕಾಣಲಿಲ್ಲ. ಏಣಿಯ ಹಿಂದೆ ಇರಲಿಲ್ಲ, ಹಿತ್ತಲಲ್ಲೂ ಇರಲಿಲ್ಲ. ಅಪ್ಪ ಸುಮ್ಮನೆ ತಲೆಯೆತ್ತಿ ಅಟ್ಟದ ಕಡೆ ನೋಡಿದರು. ಮೇಲೆ ಕಾಯಿ ಉರುಳಿದ ಸದ್ದು. ಅವರು ಹತ್ತಿದರು, ಅವರ ಹಿಂದೆ ನಾನು. ಅಟ್ಟದ ಮೇಲೆ ಬಿಸಿಲಿಗೆ ಕಾದ ನಾರಿನ ವಾಸನೆ, ಎಣ್ಣೆಯ ಜಿಡ್ಡಿನ ವಾಸನೆ. ಅರೆಬೆಳಕಿನಲ್ಲಿ ಸಾವಿರ ಕಾಯಿಗಳು ನಿದ್ದೆ ಹೋದ ಹಾಗಿದ್ದವು. ಅವುಗಳ ನಡುವೆ, ತೊಲೆ ಹಿಡಿದುಕೊಂಡು, ಕಾಲು ಹೆಣೆದು, ತುದಿಬೆರಳ ಮೇಲೆ ಅವಳು ನಿಂತಿದ್ದಳು. ಸದ್ದಿಲ್ಲದೆ ಅಳುತ್ತಿದ್ದಳು.

"ತಾತಾ, ನಂಗೆ ತಿರ್ಗಾ ಕೊಬ್ಬರಿ ಆಗೈತೆ," ಅಂದಳು.

ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನನ್ನ ಕಡೆ ತಿರುಗದೆಯೇ ಕೇಳಿದರು: "ಔಷಧಿ ಕೊಡ್ತಿದೀಯೇನವ್ವಾ?"

ನನ್ನ ಬೆರಳು ಸೆರಗಿಗೆ ಗಂಟು ಹಾಕಿದ್ದ ಟ್ರಂಕಿನ ಬೀಗದ ಕೈಗೆ ಹೋಯಿತು.

ಅವರು ಕೈಗೆ ಸಿಕ್ಕಿದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಕುಲುಕಿದರು. ಒಳಗೆ ಇನ್ನೂ ನೀರಿನ ಸದ್ದು. "ಇದು ಯಾವಾಗ ಹಾಕಿದ್ದು?"

"ಯುಗಾದಿ ಆದ್ಮೇಲೆ."

"ದಸರಾಕ್ಕೆ ಒಡೆದ್ರೆ?"

"ಹಸಿ ಇರ್ತದೆ, ಕೊಬ್ಬರಿ ಆಗೋಕೆ ವರ್ಷ ಬೇಕು. ಬೂಷ್ಟು ಹಿಡೀತದೆ."

"ಇಷ್ಟು ಗೊತ್ತಿರೋಳು..." ಅಂದರು. ಕಾಯಿಯನ್ನು ಅದರ ಜಾಗದಲ್ಲೇ ಮೆತ್ತಗೆ ಇಟ್ಟರು.

ಮಾರನೇ ದಿನ ತಿಪಟೂರಿಗೆ ಅವ್ವನೂ ಬಂದಳು. ನಾನು ಡಾಕ್ಟ್ರಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. ಅದು ಭೇದಿಯಲ್ಲ, ಗಟ್ಟಿಯಾಗಿ ಕೂತದ್ದರ ಪಕ್ಕದಿಂದ ಜಿನುಗುವುದು ಅಂತ ಅವರು ಹೇಳಿದಾಗ ಅವ್ವ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

"ನಿಮ್ಮ ಬಿ.ಎಸ್ಸಿ. ಎಷ್ಟು ವರ್ಷ?" ಡಾಕ್ಟ್ರಮ್ಮ ಕೇಳಿದರು.

"ಮೂರು."

"ನೀವು ಮೂರು ವರ್ಷ ಅಭ್ಯಾಸ ಮಾಡಬಹುದು. ಆ ಕೂಸಿನ ಕರುಳು ಎರಡೇ ತಿಂಗಳಿಗೆ ಪರೀಕ್ಷೆ ಬರೀಬೇಕಾ? ಅದೂ ಅಭ್ಯಾಸ ಮಾಡಬೇಕಮ್ಮ. ನೋವಿಲ್ಲದೆ ಹೋಗೋ ಅಭ್ಯಾಸ. ಅಲ್ಲೀವರೆಗೆ ಔಷಧಿ ಜತೆಗಿರುತ್ತೆ."

ಅಭ್ಯಾಸ ಅನ್ನುವ ಮಾತಿಗೆ ನಾವು ಹೆದರಿದ್ದೆವು. ಅದೇ ಮಾತಿನಿಂದ ನಾನು ಪದವಿ ಪಡೆದವಳು ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಅವ್ವ ಬಿಡಲಿಲ್ಲ. "ಹತ್ತು ವರ್ಷ ಆದ್ಮೇಲೆ ಇದರಿಂದ ಏನಾದ್ರೂ ಆದ್ರೆ ಏನ್ರವ್ವಾ ಮಾಡೋದು?"

"ಒಳ್ಳೇ ಪ್ರಶ್ನೆ ಕೇಳಿದ್ರಿ. ಔಷಧಿ ಕುಡಿದು ಕೆಟ್ಟ ಮಕ್ಕಳಿಗಿಂತ, ಬೇಗ ಬಿಟ್ಟು ಕೆಟ್ಟ ಮಕ್ಕಳನ್ನೇ ನಾನು ಜಾಸ್ತಿ ನೋಡಿರೋದು. ಹಿಗ್ಗಿದ ಕರುಳು ಹಳೇ ಅಳತೆಗೆ ಬರೋಕೆ ಕಾಲ ಬೇಕು. ಬಿಡಿಸೋವಾಗ ನಾನೇ ಸ್ವಲ್ಪಸ್ವಲ್ಪ ಇಳಿಸಿ ಬಿಡಿಸ್ತೀನಿ. ತಿಂಗಳು ತಿಂಗಳು ನೋಡ್ತಾನೂ ಇರ್ತೀನಲ್ಲ."

ಅವ್ವ ಮನೆಗೆ ಬಂದವಳೇ ನನ್ನ ಮುಂದೆ ಕೈ ಚಾಚಿದಳು. "ಕೊಡೇ ಬೀಗದ ಕೈ." ಅವತ್ತಿನಿಂದ ಸೀಸೆ ಅವಳ ವಶ. ಬೆಳಿಗ್ಗೆ ಅದನ್ನು ಕಿವಿಯ ಹತ್ತಿರ ಹಿಡಿದು ಕಾಯಿ ಕುಲುಕಿದ ಹಾಗೆ ಕುಲುಕುವಳು. ಒಳಲೆಯನ್ನು ಅಟ್ಟದ ಮೂಲೆಗೆ ಎಸೆದಾಗಿತ್ತು; ಚಮಚದಲ್ಲಿ ಅಳೆದು ಕೊಡುವಳು. ಮಗಳು ಹೇಳದೆಯೇ ಬಾಯಿ ತೆರೆಯುವಳು, ಬಿಳಿ ಮೀಸೆ ಮೂಡಿಸಿಕೊಂಡು ಗರಿಯ ಮರೆಗೆ ಓಡುವಳು. ಮಳೆಗಾಲ ಬಂತು, ಗರಿ ಕಪ್ಪಾಯಿತು. ಅಪ್ಪ ಹೊಸ ಗರಿ ಕಟ್ಟಿದರು. ಅಟ್ಟದ ಕಾಯಿಗಳೊಳಗಿನ ನೀರಿನ ಸದ್ದು ಸಣ್ಣದಾಗುತ್ತ ಹೋಗಿ, ಒಂದು ದಿನ ಒಣಗಿದ ತಿರುಳಿನ ಗಿಟಕು ಚಿಪ್ಪು ಬಿಟ್ಟು ಲೊಟಲೊಟ ಅನ್ನತೊಡಗಿತು. ಆ ಕೊಬ್ಬರಿ ಸುಲಿದು ಮಾರಿದ್ದೂ ಆಯಿತು, ಹೊಸ ಕಾಯಿ ಅಟ್ಟಕ್ಕೆ ಏರಿದ್ದೂ ಆಯಿತು. ಎರಡು ಚಮಚ ಒಂದೂವರೆಯಾಯಿತು, ಒಂದಾಯಿತು, ಅರ್ಧವಾಯಿತು.

ಮುಂದೆ ವರ್ಷಗಟ್ಟಲೆ ನಾನು ಅವಳನ್ನು ಕಳ್ಳಗಣ್ಣಿನಿಂದ ನೋಡುತ್ತಲೇ ಇದ್ದೆ. ಅವಳ ಎತ್ತರ ನೋಡುವೆ, ಊಟ ನೋಡುವೆ, ಹೈಸ್ಕೂಲಿಗೆ ಬಂದ ಮೇಲೂ "ಹೊಟ್ಟೆ ಹೆಂಗಿದೆ" ಅಂತ ಕೇಳಿ ಬೈಸಿಕೊಳ್ಳುವೆ. ಏನೂ ಆಗಲಿಲ್ಲ. ಬಿಳಿ ಔಷಧಿಯ ರುಚಿ ಹೇಗಿತ್ತು ಅನ್ನುವುದೂ ಅವಳಿಗೆ ನೆನಪಿಲ್ಲ. ಕಾಯಿ ಕುಲುಕುವ ಸದ್ದು ಮಾತ್ರ ನೆನಪಿದೆ ಅನ್ನುತ್ತಾಳೆ.

ಆದರೆ ಆ ಅರ್ಧ ಚಮಚವನ್ನೂ ನಿಲ್ಲಿಸಿದ ವಾರ ಇದೊಂದೂ ನಮಗೆ ಗೊತ್ತಿರಲಿಲ್ಲ. ಹದಿನೈದು ದಿನ ನಿಲ್ಲಿಸಿ ನೋಡಿ, ಎರಡು ದಿನ ತಪ್ಪಿದರೂ ನನ್ನ ಹತ್ತಿರ ಬನ್ನಿ ಅಂದಿದ್ದರು ಡಾಕ್ಟ್ರಮ್ಮ. ಮೊದಲ ದಿನ ಆಯಿತು. ಎರಡನೇ ದಿನ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡದೆ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅವ್ವ ಮುಸುರೆ ತಿಕ್ಕುವುದನ್ನು ನಿಲ್ಲಿಸಿ ಕೂತಿದ್ದಳು. ಗರಿಯ ಆಚೆ ಅಪ್ಪನ ಬೀಡಿಯ ಹೊಗೆ ಮೇಲೇಳುತ್ತಿತ್ತು. ಯಾರೂ ಗೊನೆಯ ಲೆಕ್ಕ ಕೇಳುತ್ತಿರಲಿಲ್ಲ. ತೋಟದಲ್ಲೆಲ್ಲೋ ಒಣಗರಿಯೊಂದು ನಿಧಾನವಾಗಿ ಕಳಚಿ ಬಿದ್ದ ಸದ್ದು ಬಂತು.

"ತಾತಾ, ಬೂದಿ!"

ಅಪ್ಪ ಚಿಪ್ಪು ತಗೊಂಡು ಎದ್ದರು. ಅವ್ವ ಒಳಗೆ ಹೋಗಿ ಖಾಲಿ ಸೀಸೆಯನ್ನು ತಂದು, ಬೂದಿ ಹಾಕಿ ಉಜ್ಜಿ ತೊಳೆದು, ಬಿಸಿಲಿಗೆ ಬೋರಲು ಹಾಕಿದಳು. ಸಂಜೆ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅದರ ತುಂಬ ಹರಳೆಣ್ಣೆ ಇತ್ತು.

ನಾನು ನೋಡಿದ್ದನ್ನು ನೋಡಿ, "ತಲೆಗೆ ಕಣೇ," ಅಂದಳು.