ಬುಲ್ಡೋಜರಿಗೆ ಉಡಿ ತುಂಬಿದ್ದು

ಮೊನ್ನೆ ನವನಗರದ ನಮ್ಮ ಮನೆ ಪಕ್ಕದ ಖಾಲಿ ಜಾಗಕ್ಕೆ ಮಣ್ಣು ಅಗೆಯುವ ಯಂತ್ರ ಬಂತು. ಡೀಸೆಲ್ ಹೊಗೆ ಅಡುಗೆಮನೆವರೆಗೂ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡರೆ ನನಗೆ ಶೇಂಗಾ ಹೋಳಿಗೆ ನೆನಪಾಗಿ ಬಾಯಲ್ಲಿ ನೀರೂರಿತು. ನಗಬೇಡಿ, ಕಾರಣವಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುನಗುಂದದ ಹತ್ತಿರದ ನಮ್ಮ ಎರೆಹೊಲವನ್ನು ಒಂದು ಕೊರಕಲು ತಿನ್ನುತ್ತಿತ್ತು. ಪ್ರತಿ ಮಳೆಗೂ ಒಂದಿಷ್ಟು ಕರಿಮಣ್ಣು ಹಳ್ಳದ ಪಾಲು. ದೊಡ್ಡವ್ವ ದಂಡೆಯಲ್ಲಿ ನಿಂತು, "ನಿನ್ನ ಬಾಯಾಗ ಮಣ್ಣು ಬೀಳ್ಲಿ!" ಎಂದು ಅದನ್ನು ಶಪಿಸುತ್ತಿದ್ದಳು. ಬೀಳುತ್ತಿದ್ದುದೂ ಮಣ್ಣೇ, ಅದೂ ನಮ್ಮದೇ.

ಕೊನೆಗೊಮ್ಮೆ ಕೊರಕಲಿಗೆ ಅಡ್ಡ ಒಡ್ಡು ಹಾಕಲು ಸರಕಾರದ ಬುಲ್ಡೋಜರ್ ಬಂತು. ಬಂದದ್ದು ಯಾವತ್ತು? ಸೀಗಿ ಹುಣ್ಣಿಮೆಯ ದಿನ! ಅಂದು ನಮ್ಮ ಕಡೆ ಹೊಲವೆಂದರೆ ಬಸುರಿ ಹೆಂಗಸು. ಅವಳಿಗೆ ಉಡಿ, ಅಂದರೆ ಮಡಿಲು, ತುಂಬಿ, ಬಯಕೆ ತೀರಿಸಲು ಕಡಬು, ಹೋಳಿಗೆ ಒಯ್ದು ಚರಗವೆಂದು ಹೊಲದ ತುಂಬ ಚೆಲ್ಲುತ್ತೇವೆ. ನಮ್ಮ ಮನೆಯಲ್ಲಂತೂ ಅಂದು ಕಳೆ ಕೀಳುವ ಕುರುಪಿಯನ್ನೂ ನೆಲಕ್ಕೆ ತಾಗಿಸುತ್ತಿರಲಿಲ್ಲ.

ದೊಡ್ಡವ್ವ ಬುತ್ತಿಬುಟ್ಟಿ ಹೊತ್ತೇ ಯಂತ್ರಕ್ಕೆ ಅಡ್ಡ ನಿಂತಳು. "ಬಸುರಿ ಹೊಟ್ಟಿ ಮ್ಯಾಲೆ ಇದನ್ನ ಹಾಯಸ್ತೀಯೇನೋ, ಭಾಡ್ಯಾ?"

ಮಂಡ್ಯ ಕಡೆಯ ಡ್ರೈವರ್ ಕೈ ಮುಗಿದ. "ಅಮ್ಮಾ, ನಾಳೆ ಗಾಡಿ ಬಾದಾಮಿಗೆ ಹೋಗ್ಬೇಕು. ಇವತ್ತು ಬಿಟ್ರೆ ಇನ್ನು ಮುಂದಿನ ವರ್ಷಾನೇ."

ಮೇಲೆ ಹಿಂಗಾರಿ ಮೋಡ ಕಟ್ಟಿತ್ತು. ಹೆಂಡತಿಗೆ ಎಂದೂ ಎದುರಾಡದ ದೊಡ್ಡಪ್ಪ ಅಳುವ ದನಿಯಲ್ಲಿ ಹೇಳಿದ: "ಈ ಮಳೀಗೆ ಹೊಲಾನ ಹೋಗ್ತೈತಿ. ಆಮ್ಯಾಲ ಯಾರಿಗೆ ಉಡಿ ತುಂಬ್ತಿ?"

ದೊಡ್ಡವ್ವ ಮೋಡ ನೋಡಿದಳು, ಕೊರಕಲು ನೋಡಿದಳು. "ಬಸುರಿಗೆ ತ್ರಾಸಾದ್ರ ಸೂಲಗಿತ್ತಿ ಹಬ್ಬ ನೋಡ್ತಾಳೇನು?" ಎಂದು ತಾನೇ ತೀರ್ಪು ಕೊಟ್ಟಳು.

ಸೂಲಗಿತ್ತಿ ಎಂದ ಮೇಲೆ ಮರ್ಯಾದೆ ಆಗಬೇಕಲ್ಲ! ಯಂತ್ರದ ಅಲಗಿಗೆ ಅರಿಷಿಣ ಕುಂಕುಮ ಬಿತ್ತು. ಉಡಿ ತುಂಬೋಣವೆಂದರೆ ಅದಕ್ಕೆ ಸೆರಗಿಲ್ಲ. ಡ್ರೈವರನೇ ಟವೆಲ್ ಒಡ್ಡಿದ. ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸ ಹೊಲಿಸುವ ಗುಳೇದಗುಡ್ಡದ ಕಣ ಎಲ್ಲವೂ ಬಿದ್ದವು. ಅಷ್ಟು ದಪ್ಪ ಮೀಸೆಯ ಗಂಡಸು ಹಾಗೆ ನಾಚಿದ್ದನ್ನು ನಾನು ಮತ್ತೆ ಕಂಡಿಲ್ಲ. ಅವನಿಗೆ ಚಪ್ಪಲಿ ಬಿಡಿಸಿ, ಆ ಡೀಸೆಲ್ ಹೊಗೆಯಲ್ಲೇ ಅವನಿಗೂ ನಮಗೂ ಸಾಕುಸಾಕೆನ್ನುವವರೆಗೆ ಶೇಂಗಾ ಹೋಳಿಗೆ ತಿನ್ನಿಸಿ, ಆಮೇಲೆಯೇ ಹೊಲಕ್ಕೆ ಬಿಟ್ಟಳು. ಬರಿಗಾಲಲ್ಲೇ ದುಡಿದ ಪುಣ್ಯಾತ್ಮ ಸಂಜೆಗೆ ಒಡ್ಡು ಮುಗಿಸಿ ಹೋದ.

ಮರುದಿನವೇ ಮಳೆ ಹೊಡೆಯಿತು. ನಿಂತ ಮೇಲೆ ಎಲ್ಲರೂ ಓಡಿದೆವು. ಒಡ್ಡು ಅಲ್ಲಾಡಿರಲಿಲ್ಲ, ಅದರ ಹಿಂದೆ ನೀರು ತಂಗಿ, ನಮ್ಮ ಮಣ್ಣು ನಮ್ಮಲ್ಲೇ ಕೂತಿತ್ತು. ದೊಡ್ಡವ್ವ ಮೊಣಕಾಲುದ್ದ ಕೆಸರಿಗಿಳಿದು, "ಹೆರಿಗಿ ಸುಸೂತ್ರ ಆತು ನೋಡ್ರಿ" ಎಂದು ಗಳಗಳನೆ ಅತ್ತಳು.

ದೊಡ್ಡವ್ವ ಈಗಿಲ್ಲ. ಆ ಮಣ್ಣಿನ ಜೋಳ ಮಾತ್ರ ಇನ್ನೂ ನಮ್ಮ ಮನೆಗೆ ಬರುತ್ತದೆ. ಅದರದೇ ಬಿಸಿ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಂಡು ಪಕ್ಕದ ಯಂತ್ರದ ಡ್ರೈವರನ ಬಳಿ ಹೋದೆ.

"ಯಾಕ್ರಿ ಕಾಕಾ, ಏನ್ ವಿಶೇಷ?" ಎಂದ.

"ಈ ಗಾಡಿ ಹೊಡಿಯೋ ನಿಮ್ಮ ಮಂದೀದು ನಮ್ಮ ಮ್ಯಾಲ ಒಂದು ಋಣ ಐತೋ ತಮ್ಮಾ," ಎಂದೆ. "ಉಣ್ಣು."